ಸಂವೇದಕ ಜಾಲಗಳಲ್ಲಿ ಗುಂಪುವಿಂಗಡಣೆ: ಆಕರವಿಮರ್ಶೆಯ ದೃಷ್ಟಿಯಿಂದ ಒಂದು ಪರಿಶೀಲನೆ

ನಿಸ್ತಂತು ಸಂವೇದಕ ಜಾಲದಂತಹ ವಿಷಯವು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಏಕೆ ಬಂದಿತೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಇತಿಹಾಸಕಾರನ ಮುಖ್ಯ ಕೆಲಸಗಳಲ್ಲೊಂದು ಆಕರಗಳ ಪರೀಕ್ಷೆ. ಒಂದು ಅಂಕಿಯನ್ನು ಯಾರು ಬರೆದರು, ಎಲ್ಲಿ ನಿಂತು ಬರೆದರು, ಅದು ಗ್ರಾಮದಿಂದ ರಾಜಧಾನಿಗೆ ಏರುವಾಗ ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂಬುದನ್ನು ಅವನು ವಿಚಾರಿಸಬೇಕಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಮಳೆಯ ಲೆಕ್ಕವನ್ನು ಇಂದು ಬರೆಯುತ್ತಿರುವವನು ಕರಣಿಕನಲ್ಲ, ಯಂತ್ರ. ನಾಳಿನ ಇತಿಹಾಸಕಾರನಿಗೆ ನಮ್ಮ ಕಾಲದ ಬರಗಾಲಗಳ ಕುರಿತು ದೊರೆಯುವ ಆಕರವೆಂದರೆ ಈ ಯಂತ್ರಗಳ ದಾಖಲೆಯೇ ಆಗಿರುವುದು. ಅಂತಹ ಯಂತ್ರಗಳು ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳಬೇಕು, ಯಾವುದನ್ನು ಮೇಲಕ್ಕೆ ಕಳುಹಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕುರಿತು ಕಳೆದ ಕಾಲು ಶತಮಾನದಲ್ಲಿ ಒಂದು ದೊಡ್ಡ ಸಾಹಿತ್ಯರಾಶಿಯೇ ಬೆಳೆದಿದೆ. ಅದರ ಒಂದು ಶಾಖೆಯನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದೆ.

ಮೊದಲು ಪರಿಭಾಷೆಯ ಮಾತು. ಸಂವೇದಕವೆಂದರೆ ಮಣ್ಣಿನ ತೇವ, ಗಾಳಿಯ ಉಷ್ಣತೆ, ಮಳೆಯ ಪ್ರಮಾಣ ಮುಂತಾದುವನ್ನು ಅಳೆದು, ಪುಟ್ಟ ರೇಡಿಯೋವಿನ ಮೂಲಕ ತಿಳಿಸುವ ಉಪಕರಣ. ಇಂತಹ ಹಲವಾರು ಉಪಕರಣಗಳು ಒಂದು ಪ್ರದೇಶದಲ್ಲಿ ಹರಡಿಕೊಂಡು, ಕೇಂದ್ರಠಾಣೆಯೊಂದಕ್ಕೆ ಸುದ್ದಿ ಮುಟ್ಟಿಸಿದಾಗ ಅದು ಜಾಲವೆನಿಸುವುದು. ಪ್ರತಿಯೊಂದೂ ದೂರದ ಠಾಣೆಗೆ ತಾನೇ ಕೂಗಿ ಹೇಳುವುದರ ಬದಲು, ನೆರೆಹೊರೆಯವು ಸೇರಿ ಗುಂಪಾಗಿ, ಗುಂಪಿಗೊಂದು ಮುಂದಾಳನ್ನು ಆರಿಸಿಕೊಂಡು, ಅದರ ಮೂಲಕ ಸುದ್ದಿ ಕಳುಹುವ ಏರ್ಪಾಟೇ ಪ್ರಸ್ತುತ ಲೇಖನದ ವಿಷಯ. ಇದನ್ನು ‘ಗುಂಪುಗಾರಿಕೆ’ ಎನ್ನಬಹುದಾಗಿತ್ತು. ಆದರೆ ಆ ಮಾತಿಗೆ ನಮ್ಮ ಊರುಗಳಲ್ಲಿ ಇರುವ ಅರ್ಥವು ಎಲ್ಲರಿಗೂ ವಿದಿತವಾದುದರಿಂದ ‘ಗುಂಪುವಿಂಗಡಣೆ’ ಎಂದೇ ಇಲ್ಲಿ ಬಳಸಿದೆ.

ಈ ಶಾಖೆಯ ಮೂಲಗ್ರಂಥವೆಂದು ಎಲ್ಲರೂ ಒಪ್ಪುವುದು ೨೦೦೦ದ ಜನವರಿಯಲ್ಲಿ ಹವಾಯಿಯಲ್ಲಿ ನಡೆದ ಸಮ್ಮೇಲನದಲ್ಲಿ ಮಂಡಿತವಾದ ಒಂದು ಪ್ರಬಂಧ. ಅದರ ಕರ್ತೃಗಳು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವೆಂಡಿ ಹೈನ್ಸಲ್ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್. ಅವರು ರೂಪಿಸಿದ ವಿಧಾನಕ್ಕೆ ‘ಲೀಚ್’ ಎಂಬ ಹೆಸರು ಬಂದಿತು. ಉಚ್ಚಾರದಲ್ಲಿ ಜಿಗಣೆಯನ್ನು ನೆನಪಿಗೆ ತರುವ ಈ ಹೆಸರು ಹಲವು ಪದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದುದು. ಶಕ್ತಿಯನ್ನು ಹೀರದಿರುವುದೇ ಅದರ ಗುರಿಯೆಂಬುದು ಬೇರೆ ಮಾತು.

ಲೀಚಿನ ತರ್ಕವು ಸರಳವೂ ಸುಂದರವೂ ಆದುದು. ಸಂವೇದಕದ ಬಳಿ ಇರುವ ಶಕ್ತಿ ಅತ್ಯಲ್ಪ. ಆ ಪ್ರಬಂಧದ ಲೆಕ್ಕದಲ್ಲಿ ಒಂದೊಂದಕ್ಕೂ ಅರ್ಧ ಜೂಲ್ ಮಾತ್ರ. ಜೂಲ್‌ನ ನೂರು ಕೋಟಿಯ ಒಂದು ಪಾಲಿಗೆ ನ್ಯಾನೋಜೂಲ್ ಎಂದು ಹೆಸರು. ಒಂದು ಬಿಟ್ ಸುದ್ದಿಯನ್ನು ಕೇಳಿಸಿಕೊಳ್ಳಲು ೫೦ ನ್ಯಾನೋಜೂಲ್ ವೆಚ್ಚವಾಗುವುದು. ಹೇಳಲು ಅದೇ ೫೦ರ ಜೊತೆಗೆ ದೂರದ ವರ್ಗಕ್ಕೆ ಅನುಗುಣವಾಗಿ ಇನ್ನಷ್ಟು ವೆಚ್ಚ ತಗಲುವುದು. ಇಪ್ಪತ್ತು ಮೀಟರ್ ದೂರಕ್ಕೆ ಈ ಹೆಚ್ಚಿನ ವೆಚ್ಚ ೪೦ ನ್ಯಾನೋಜೂಲ್. ನೂರು ಮೀಟರ್ ದೂರಕ್ಕಾದರೋ ೧೦೦೦. ಎಂದರೆ, ೨೦೦೦ ಬಿಟ್‌ಗಳ ಒಂದು ಸಂದೇಶವನ್ನು ನೆರೆಯವನಿಗೆ ಹೇಳಲು ೧,೮೦,೦೦೦ ನ್ಯಾನೋಜೂಲ್ ಸಾಕು. ನೂರು ಮೀಟರ್ ಆಚೆಯ ಠಾಣೆಗೆ ಹೇಳಲು ೨೧,೦೦,೦೦೦ ಬೇಕು. ನೇರವಾಗಿ ಠಾಣೆಗೇ ಕೂಗುವ ಉಪಕರಣವು ೨೩೮ ಸಂದೇಶಗಳಿಗೆ ತನ್ನ ಅರ್ಧ ಜೂಲನ್ನು ಮುಗಿಸಿಕೊಂಡು ಮೂಕವಾಗುವುದು.

ಇಪ್ಪತ್ತು ಉಪಕರಣಗಳು ಗುಂಪಾದರೆ ಏನಾಗುವುದೆಂದು ಇದೇ ಲೆಕ್ಕದಿಂದ ನೋಡಬಹುದು. ಹತ್ತೊಂಬತ್ತು ಸದಸ್ಯರು ತಲಾ ೧.೮ ಲಕ್ಷ ವೆಚ್ಚಮಾಡಿ ಮುಂದಾಳಿಗೆ ಹೇಳುವರು. ಮುಂದಾಳು ಹತ್ತೊಂಬತ್ತನ್ನೂ ಕೇಳಲು ೧೯ ಲಕ್ಷ, ತನ್ನದನ್ನೂ ಸೇರಿಸಿ ಎಲ್ಲವನ್ನೂ ಒಂದಾಗಿ ಕ್ರೋಡೀಕರಿಸಲು ೨ ಲಕ್ಷ, ಠಾಣೆಗೆ ಹೇಳಲು ೨೧ ಲಕ್ಷ, ಒಟ್ಟು ೪೨ ಲಕ್ಷ ನ್ಯಾನೋಜೂಲ್ ವೆಚ್ಚಮಾಡುವುದು. ಗುಂಪಿನ ಒಟ್ಟು ವೆಚ್ಚ ೭೬ ಲಕ್ಷದ ಸಮೀಪ. ಎಲ್ಲರೂ ನೇರವಾಗಿ ಕೂಗಿದ್ದರೆ ೪೨೦ ಲಕ್ಷ. ಐದು ಪಟ್ಟಿಗೂ ಮೀರಿದ ಉಳಿತಾಯ. ಆದರೆ ಮುಂದಾಳಿನ ಹೊರೆ ಸದಸ್ಯನ ಹೊರೆಯ ಇಪ್ಪತ್ತಮೂರು ಪಟ್ಟು. ಒಬ್ಬನೇ ಸದಾ ಮುಂದಾಳಾಗಿದ್ದರೆ ಅವನು ಬೇಗ ಸಾಯುವನು, ಅವನೊಡನೆ ಗುಂಪೂ ಮೂಕವಾಗುವುದು. ಆದುದರಿಂದ ಮುಂದಾಳುತನವು ಸರದಿಯ ಮೇಲೆ ಸುತ್ತಬೇಕು. ಪ್ರತಿ ಸುತ್ತಿನಲ್ಲಿಯೂ ಉಪಕರಣವೊಂದೊಂದೂ ತನ್ನೊಳಗೇ ಒಂದು ಚೀಟಿ ಎತ್ತಿದಂತೆ ಮಾಡಿ, ತಾನು ಮುಂದಾಳಾಗಬೇಕೆ ಬೇಡವೆ ಎಂದು ನಿರ್ಧರಿಸುವುದು. ಒಮ್ಮೆ ಆದವನು ಇಪ್ಪತ್ತು ಸುತ್ತಿನ ಆವರ್ತ ಮುಗಿಯುವವರೆಗೆ ಮತ್ತೆ ಆಗಲಾರನು. ಮೇಲಿನಿಂದ ಯಾರೂ ಆಜ್ಞಾಪಿಸುವುದಿಲ್ಲ. ಎಲ್ಲರ ಶಕ್ತಿಯೂ ಸಮವಾಗಿ ಸವೆಯುವುದು.

ವಂಶಪಾರಂಪರ್ಯದ ಗೌಡಿಕೆ ಕರಣಿಕೆಗಳನ್ನು ೧೯೬೧ರ ಗ್ರಾಮಾಧಿಕಾರ ರದ್ದತಿ ಶಾಸನದವರೆಗೂ ಉಳಿಸಿಕೊಂಡುಬಂದ ನಾಡಿನವರಿಗೆ ಈ ಏರ್ಪಾಟಿನ ನ್ಯಾಯಬುದ್ಧಿ ಮೆಚ್ಚಿಕೆಯಾಗದೆ ಇರದು. ಮೂಲಪ್ರಬಂಧದ ಬಗೆಗೆ ನಮಗಿರುವ ಗೌರವವನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಅದು ತನ್ನ ಊಹೆಗಳನ್ನು ಬಚ್ಚಿಡುವುದಿಲ್ಲ. ಎಲ್ಲ ಉಪಕರಣಗಳೂ ಸಮಾನಶಕ್ತಿಯವು, ಎಲ್ಲವೂ ಬೇಕಾದರೆ ಠಾಣೆಯನ್ನು ನೇರವಾಗಿ ಮುಟ್ಟಬಲ್ಲವು, ಒಂದು ಗುಂಪಿನ ಸುದ್ದಿಗಳೆಲ್ಲ ಪರಸ್ಪರ ಹೋಲುವುದರಿಂದ ಅವನ್ನು ಒಂದೇ ಸಂದೇಶವಾಗಿ ಸಂಕ್ಷೇಪಿಸಬಹುದು ಎಂಬ ಮೂರು ಊಹೆಗಳನ್ನು ಅದು ಬಾಯಿಬಿಟ್ಟು ಹೇಳಿದೆ. ದೋಷವಿರುವುದು ಹೆಚ್ಚಾಗಿ ಅದರ ಸಂತತಿಯಲ್ಲಿ.

ಆ ಸಂತತಿಯಾದರೋ ಅಪಾರ. ೨೦೦೨ರ ‘ಪೆಗಾಸಿಸ್’ ಗುಂಪುಗಳನ್ನು ಬಿಟ್ಟು ಉಪಕರಣಗಳನ್ನೆಲ್ಲ ಸರಪಣಿಯಾಗಿ ಜೋಡಿಸಿತು. ೨೦೦೪ರ ‘ಹೀಡ್’ ಉಳಿದಿರುವ ಶಕ್ತಿಯನ್ನು ನೋಡಿ ಮುಂದಾಳನ್ನು ಆರಿಸಿತು. ಅದೇ ವರ್ಷದ ‘ಸೆಪ್’ ಕೆಲವು ಉಪಕರಣಗಳಿಗೆ ಹೆಚ್ಚು ಶಕ್ತಿಯಿದ್ದರೆ ಏನು ಮಾಡಬೇಕೆಂದು ವಿಚಾರಿಸಿತು. ಇವು ಮೂರೂ ಹೊಸ ಮಾತನ್ನು ಹೇಳಿದ ಕೃತಿಗಳೇ. ಬಳಿಕ ಬಂದುವುಗಳಲ್ಲಿ ಬಹುಪಾಲು, ಹಿಂದಿನದರ ಸೂತ್ರದಲ್ಲಿ ಒಂದು ಗುಣಕವನ್ನು ತಿದ್ದಿ, ಗಣಕಯಂತ್ರದೊಳಗೆ ಮತ್ತೆ ಅದೇ ನೂರು ಉಪಕರಣಗಳನ್ನು ಅದೇ ಚೌಕದಲ್ಲಿ ಚೆಲ್ಲಿ, ಜಾಲದ ಆಯುಸ್ಸು ಇಷ್ಟು ಸುತ್ತು ಹೆಚ್ಚಿತೆಂದು ಸಾರುವಂತಹವು. ನಮ್ಮ ಚಂಪೂಕವಿಗಳಿಗೆ ಅಷ್ಟಾದಶವರ್ಣನೆಗಳು ವಿಹಿತವಾಗಿದ್ದುವು. ಸಮುದ್ರವನ್ನು ಕಂಡಿರಲಿ ಬಿಡಲಿ, ಸಮುದ್ರವರ್ಣನೆ ಬರಲೇಬೇಕು. ಅದರಂತೆ ಈ ಸಾಹಿತ್ಯದಲ್ಲಿಯೂ ನೂರು ಉಪಕರಣಗಳ ಚೌಕವೊಂದು ಕವಿಸಮಯವಾಗಿ ನೆಲೆಗೊಂಡಿದೆ.

ಆ ಚೌಕದ ಅಳತೆಯನ್ನು ಒಮ್ಮೆ ನೆಲದ ಮೇಲೆ ಹಾಕಿ ನೋಡುವುದು ಉಪಯುಕ್ತ. ೨೦೦೦ದ ಪ್ರಬಂಧದಲ್ಲಿ ಅದು ಐವತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲ. ಮದರಾಸು ಆಡಳಿತದ ಕಾಲದಿಂದ ನಮ್ಮ ಕಡೆಯಲ್ಲಿ ಉಳಿದುಬಂದಿರುವ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ೬೨ ಸೆಂಟು. ಅದೇ ಕರ್ತೃಗಳು ೨೦೦೨ರಲ್ಲಿ ಪ್ರಕಟಿಸಿದ ವಿಸ್ತೃತ ಲೇಖನದಲ್ಲಿ ಅದು ನೂರು ಮೀಟರಿನ ಚೌಕವಾಯಿತು, ಎಂದರೆ ಎರಡೂವರೆ ಎಕರೆಗೆ ಸ್ವಲ್ಪ ಕಡಿಮೆ. ಕೂಡ್ಲಿಗಿಯ ಕಡೆ ಶೇಂಗಾ ಬಿತ್ತುವ ಅಥವಾ ಹರಪನಹಳ್ಳಿಯ ಕಡೆ ಮೆಕ್ಕೆಜೋಳ ಬಿತ್ತುವ ಒಂದು ಸಾಮಾನ್ಯ ಒಣಬೇಸಾಯದ ಹೊಲವೇ ಇದಕ್ಕಿಂತ ದೊಡ್ಡದಾಗಿರಬಹುದು. ಅಂತಹ ಒಂದು ಹೊಲದಲ್ಲಿ ನೂರು ಉಪಕರಣಗಳನ್ನು ನೆಟ್ಟರೆ ಅವುಗಳ ಸುದ್ದಿಗಳು ಪರಸ್ಪರ ಹೋಲುವುವೆಂಬ ಊಹೆ ಯುಕ್ತವೇ ಸರಿ. ಊಹೆಯನ್ನು ಚೌಕದಿಂದ ಬಿಡಿಸಿ, ಊರಿಗೆ, ಹೋಬಳಿಗೆ, ತಾಲ್ಲೂಕಿಗೆ ಹಬ್ಬಿಸಿದಾಗ ಅದು ಯುಕ್ತವಾಗಿ ಉಳಿಯದು.

ಅರ್ಧ ಜೂಲಿನ ಮಾತನ್ನೂ ಹೀಗೆಯೇ ನೋಡಬೇಕು. ಅಂಗಡಿಯಲ್ಲಿ ದೊರೆಯುವ ಒಂದು ಜೊತೆ ಸಣ್ಣ ಸೆಲ್ಲುಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜೂಲ್ ಶಕ್ತಿಯಿರುವುದು. ಇದು ಅರ್ಧ ಜೂಲಿನ ನಲವತ್ತು ಸಾವಿರ ಪಟ್ಟು! ಅರ್ಧ ಜೂಲ್ ಎಂಬುದು ಗಣನೆಯ ಅನುಕೂಲಕ್ಕಾಗಿ ಇಟ್ಟುಕೊಂಡ ಅಂಕಿ. ಹಾಗಾದರೆ ಹೊಲದಲ್ಲಿ ನೆಟ್ಟ ನಿಜವಾದ ಉಪಕರಣವು ಶಾಶ್ವತವಾಗಿ ಬಾಳಬೇಕಲ್ಲವೇ? ಬಾಳುವುದಿಲ್ಲ. ಆ ಕಾಲದ ‘ಮೈಕಾ’ ಜಾತಿಯ ಉಪಕರಣದ ರೇಡಿಯೋವು ಸುಮ್ಮನೆ ಕಿವಿಗೊಟ್ಟು ಕುಳಿತಿದ್ದರೂ ಸುಮಾರು ಹತ್ತು ಮಿಲಿಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತಿತ್ತು. ಮೂರು ವೋಲ್ಟಿನಲ್ಲಿ ಇಷ್ಟು ಸೆಳೆದರೆ ಇಪ್ಪತ್ತು ಸಾವಿರ ಜೂಲ್ ಎಂಟು ದಿನಗಳೊಳಗೆ ಬರಿದಾಗುವುದು. ಉಪಕರಣವನ್ನು ಕೊಲ್ಲುವುದು ಮಾತಿಗಿಂತಲೂ ಹೆಚ್ಚಾಗಿ, ಯಾರಾದರೂ ಮಾತಾಡುವರೇನೋ ಎಂದು ಕಾಯುವಿಕೆ. ಸದಸ್ಯರಿಗೆ ಸರದಿಯ ಕಾಲವನ್ನು ಗೊತ್ತುಮಾಡಿ ಉಳಿದ ವೇಳೆ ನಿದ್ರಿಸಲು ಬಿಡುವ ಮೂಲಕ ಲೀಚ್ ಇದಕ್ಕೆ ಒಂದು ಪರಿಹಾರವನ್ನು ಸೂಚಿಸಿದೆಯೆಂಬುದು ನಿಜ. ಆದರೂ ಮುಂದಾಳು ಎಚ್ಚರವಾಗಿರಲೇಬೇಕು. ಅಲ್ಲದೆ ಪ್ರತಿ ಸುತ್ತಿಗೂ ಹೊಸ ಮುಂದಾಳಿನ ಸಾರಿಕೆಯನ್ನು ಕೇಳಲು ಎಲ್ಲರೂ ಎಚ್ಚೆತ್ತಿರಬೇಕು. ಸಂತತಿಯ ಕೃತಿಗಳಲ್ಲಿ ಎಷ್ಟೋ ಈ ಕಾಯುವಿಕೆಯ ವೆಚ್ಚವನ್ನು ಲೆಕ್ಕಕ್ಕೇ ಹಿಡಿಯದೆ ಆಯುಸ್ಸನ್ನು ಗಣಿಸುತ್ತವೆ.

ಕರ್ನಾಟಕದಲ್ಲಿಯೇ ಈ ವಿದ್ಯೆಯು ಹೊಲಕ್ಕೆ ಇಳಿದ ಸಂದರ್ಭವೊಂದು ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೂ ಕೂಡಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ‘ಕಾಮನ್ ಸೆನ್ಸ್ ನೆಟ್’ ಎಂಬ ಜಾಲವನ್ನು ಸ್ಥಾಪಿಸಿದುವು. ಜಾಕ್ ಪಾಂಚಾರ್, ಶೇಷಗಿರಿ ರಾವ್, ಟಿ. ವಿ. ಪ್ರಭಾಕರ್, ಎಚ್. ಎಸ್. ಜಮದಗ್ನಿ ಮೊದಲಾದವರು ಇದನ್ನು ಕುರಿತು ೨೦೦೬ ಮತ್ತು ೨೦೦೭ರಲ್ಲಿ ಬರೆದ ಪ್ರಬಂಧಗಳು ಲಭ್ಯವಿವೆ. ಚೆನ್ನಕೇಶವಪುರವು ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ನಾಡಿನದು. ಮಳೆಯ ಅನಿಶ್ಚಯದಲ್ಲಿ, ರೈತನ ಬಡತನದಲ್ಲಿ ನಮ್ಮ ಕೂಡ್ಲಿಗಿ ಕೊಟ್ಟೂರುಗಳಿಗೆ ಹತ್ತಿರದ ಬಂಧು. ಅಲ್ಲಿ ಮಣ್ಣಿನ ತೇವವನ್ನೂ ಗಾಳಿಯ ಉಷ್ಣತೆ ಆರ್ದ್ರತೆಗಳನ್ನೂ ಅಳೆದ ಸುದ್ದಿಯು ಉಪಕರಣದಿಂದ ಉಪಕರಣಕ್ಕೆ ದಾಟಿ ಊರಿನ ಠಾಣೆಗೂ, ಅಲ್ಲಿಂದ ದೂರವಾಣಿಯ ಜಾಲದ ಮೂಲಕ ಬೆಂಗಳೂರಿಗೂ ಹೋಗುತ್ತಿತ್ತು.

ಈ ಪ್ರಬಂಧಗಳ ಹೆಚ್ಚುಗಾರಿಕೆಯೆಂದರೆ ಅವು ಉಪಕರಣದಿಂದ ಆರಂಭಿಸದೆ ರೈತನಿಂದ ಆರಂಭಿಸಿದುದು. ಯಾವ ಬೆಳೆ, ಯಾವಾಗ ಬಿತ್ತನೆ, ಕೀಟಕ್ಕೆ ಯಾವಾಗ ಔಷಧಿ, ಇರುವ ನೀರನ್ನು ಯಾವ ದಿನ ಹಾಯಿಸಬೇಕು ಎಂಬ ಪ್ರಶ್ನೆಗಳನ್ನು ಮೊದಲು ವಿಚಾರಿಸಿ, ಬಳಿಕ ಅವುಗಳಿಗೆ ತಕ್ಕ ಅಳತೆ ಯಾವುದೆಂದು ನೋಡಲಾಯಿತು. ನೂರು ಉಪಕರಣಗಳ ಚೌಕದಲ್ಲಿ ಈ ಪ್ರಶ್ನೆಗಳಿಗೆ ಎಡೆಯೇ ಇಲ್ಲ. ಅಲ್ಲಿ ಸುದ್ದಿಯೆಂದರೆ ೨೦೦೦ ಬಿಟ್‌ಗಳು ಮಾತ್ರ. ಅವು ಯಾರಿಗೆ ಏನನ್ನು ಹೇಳುವುವೆಂಬುದು ಅಪ್ರಸ್ತುತ. ಶಕ್ತಿಯ ಉಳಿತಾಯವನ್ನು ಒಂದು ಬಿಟ್ಟಿಗೆ ಎಷ್ಟು ಎಂದು ಅಳೆಯುವುದಕ್ಕೂ ಒಂದು ನಿರ್ಧಾರಕ್ಕೆ ಎಷ್ಟು ಎಂದು ಅಳೆಯುವುದಕ್ಕೂ ಅಂತರವಿದೆ. ಮಣ್ಣಿನ ತೇವವು ಗಂಟೆಗಂಟೆಗೆ ಬದಲಾಗುವ ವಸ್ತುವಲ್ಲ. ದಿನಕ್ಕೆ ಕೆಲವು ಬಾರಿ ಅಳೆದರೆ ರೈತನಿಗೆ ಸಾಕು. ಅಳತೆಯ ಸಂಖ್ಯೆಯನ್ನು ತಗ್ಗಿಸಿದರೆ ಉಳಿಯುವ ಶಕ್ತಿಯು ಯಾವ ಜಾಣತನದ ಗುಂಪುವಿಂಗಡಣೆಯಿಂದ ಉಳಿಯುವುದಕ್ಕಿಂತಲೂ ಹೆಚ್ಚಾಗಬಹುದು. ಇಷ್ಟು ಸಾಮಾನ್ಯವಾದ ಮಾತು ಶಾಸ್ತ್ರಸಾಹಿತ್ಯದಲ್ಲಿ ಅಪರೂಪವಾಗಿರುವುದು ವಿಚಿತ್ರವೇ. ಇದೇ ಪಾವಗಡ ತಾಲ್ಲೂಕಿನಲ್ಲಿ ಇಂದು ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವಿದೆ. ಜೂಲ್‌ಗಳನ್ನು ಎಣಿಸಿ ಎಣಿಸಿ ವೆಚ್ಚಮಾಡಿದ ನೆಲಕ್ಕೆ ಎಂತಹ ಕಾಲ ಬಂದಿತೆಂದು ಆಶ್ಚರ್ಯಪಡುವಂತಾಗುವುದು.

ನಮ್ಮ ಐದು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಈಗ ಕಾಣುವ ಜಾಲ ಬೇರೆ ಬಗೆಯದು. ೧೯೮೮ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ ಮುಂದೆ ವಿಸ್ತಾರಗೊಂಡ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಪ್ರತಿಯೊಂದಕ್ಕೂ ಒಂದು ಪುಟ್ಟ ಸೌರಫಲಕ. ಪ್ರತಿಯೊಂದೂ ಮೊಬೈಲ್ ದೂರವಾಣಿಯ ಗೋಪುರದ ಮೂಲಕ ನೇರವಾಗಿ ಬೆಂಗಳೂರಿಗೆ ಸುದ್ದಿ ಮುಟ್ಟಿಸುವುದು. ಇಲ್ಲಿ ಗುಂಪೂ ಇಲ್ಲ, ಮುಂದಾಳೂ ಇಲ್ಲ, ಸರದಿಯೂ ಇಲ್ಲ. ಎಲ್ಲರೂ ನೇರವಾಗಿ ಕೂಗುವುದು ದುಬಾರಿಯೆಂಬ ೨೦೦೦ದ ಮೂಲತರ್ಕವನ್ನು ಗೋಪುರವೂ ಸೂರ್ಯನೂ ಸೇರಿ ಬಹುಮಟ್ಟಿಗೆ ಸಡಿಲಿಸಿರುವುದಾಗಿ ಹೇಳಬಹುದು. ೨೦೧೫ರಿಂದೀಚೆಗೆ ಪ್ರಚಾರಕ್ಕೆ ಬಂದಿರುವ ‘ಲೋರಾವ್ಯಾನ್’ ಎಂಬ ಪದ್ಧತಿಯಲ್ಲಿಯೂ ಅಲ್ಪಶಕ್ತಿಯ ಉಪಕರಣಗಳು ಬಯಲಿನಲ್ಲಿ ಹಲವು ಕಿಲೋಮೀಟರ್ ಆಚೆಯ ಠಾಣೆಯನ್ನು ನೇರವಾಗಿಯೇ ಮುಟ್ಟುತ್ತವೆ. ಹೀಗಿರುವಾಗ ಗುಂಪುವಿಂಗಡಣೆಯ ಸಾಹಿತ್ಯವು ಕಾಲಬಾಹಿರವಾಯಿತೆ?

ಆಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಪಂಚಾಯತಿಗೊಂದು ಮಾಪಕವೆಂದರೆ ಹಲವು ಹಳ್ಳಿಗಳಿಗೆ ಒಂದು. ಮುಂಗಾರಿನಲ್ಲಿ ಹದ ಮಳೆ ಒಂದು ಬದುವಿನ ಈಚೆಗೆ ಬಿದ್ದು ಆಚೆಗೆ ಬೀಳದೆ ಹೋಗುವುದನ್ನು ಈ ಸೀಮೆಯ ರೈತರೆಲ್ಲ ಬಲ್ಲರು. ಪಂಚಾಯತಿ ಕೇಂದ್ರದಲ್ಲಿ ಸುರಿದ ಮಳೆಯು ಅದೇ ಪಂಚಾಯತಿಯ ತಾಂಡಾದಲ್ಲಿಯೂ ಸುರಿಯಿತೆಂದೇ ಕಾಗದದ ಮೇಲೆ ಆಗುವುದು. ಇಲ್ಲಿ ಗುಂಪು ಇಲ್ಲವೆಂದು ಮೇಲೆ ಹೇಳಿದುದು ಯಂತ್ರಗಳ ಮಟ್ಟಿಗೆ ಮಾತ್ರ ನಿಜ. ಆಡಳಿತದ ಮಟ್ಟದಲ್ಲಿ ಪಂಚಾಯತಿಯೇ ಒಂದು ಗುಂಪು, ಅದರ ಮಾಪಕವೇ ಸರದಿಯಿಲ್ಲದ ಶಾಶ್ವತ ಮುಂದಾಳು. ಬರಗಾಲವೆಂದು ಸಾರುವ ವೇಳೆಗೂ ಹವಾಮಾನಾಧಾರಿತ ಬೆಳೆವಿಮೆಯ ಇತ್ಯರ್ಥದಲ್ಲಿಯೂ ಮಳೆಯ ಅಂಕಿಗೆ ಮಹತ್ತ್ವವಿರುವುದರಿಂದ, ಮುಂದಾಳು ಏನನ್ನು ಹೇಳಿತು ಎಂಬುದರ ಮೇಲೆ ಮನೆಗಳ ಒಂದು ವರ್ಷದ ಬದುಕು ನಿಲ್ಲುವುದುಂಟು. ಹೊಲಹೊಲದ ಮಟ್ಟಿಗೆ ಅಳೆಯಬೇಕೆಂದರೆ ಒಂದೊಂದು ಹೊಲಕ್ಕೂ ಫಲಕ, ದೂರವಾಣಿಯ ಸಂಪರ್ಕ, ಅದರ ಬಾಡಿಗೆ ಇವನ್ನೆಲ್ಲ ಒದಗಿಸುವುದು ಸುಲಭವಲ್ಲ. ಅಗ್ಗದ ಉಪಕರಣಗಳು ತಮ್ಮಲ್ಲಿಯೇ ಮಾತಾಡಿಕೊಂಡು ಒಂದರ ಮೂಲಕ ಹೊರಗೆ ಹೇಳುವ ಏರ್ಪಾಟು ಆಗ ಮತ್ತೆ ಬೇಕಾಗುವುದು. ಆದುದರಿಂದಲೇ ಆ ಸಾಹಿತ್ಯವನ್ನು ಕಡೆಗಣಿಸದೆ, ಅದರ ಅತ್ಯಂತ ದುರ್ಬಲವಾದ ಊಹೆಯನ್ನು ಪರೀಕ್ಷಿಸುವುದು ಅಗತ್ಯ. ಆ ಊಹೆಯೆಂದರೆ ಕ್ರೋಡೀಕರಣ.

ಇತಿಹಾಸದ ವಿದ್ಯಾರ್ಥಿಗೆ ಕ್ರೋಡೀಕರಣದ ಅಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯು ಶಾಸನಗಳಲ್ಲಿ ‘ಕೋಗಳಿ ೫೦೦’ ಎಂಬ ನಾಡಿನ ಕೇಂದ್ರ. ಆ ನಾಡು ‘ನೊಳಂಬವಾಡಿ ೩೨೦೦೦’ಕ್ಕೆ ಸೇರಿದ್ದಿತು. ಐನೂರು, ಮೂವತ್ತೆರಡು ಸಾವಿರ ಎಂಬ ಈ ಸಂಖ್ಯೆಗಳು ಗ್ರಾಮಗಳವೋ, ಹುಟ್ಟುವಳಿಯವೋ, ಮತ್ತಾವುದರವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಕಾರಣವಿಷ್ಟೇ: ಮೊತ್ತವು ಕಲ್ಲಿನ ಮೇಲೆ ಉಳಿಯಿತು, ಮೊತ್ತವನ್ನು ಕೂಡಿಸಿದ ಬಿಡಿ ಅಂಕಿಗಳು ಉಳಿಯಲಿಲ್ಲ. ೧೮೭೬–೭೮ರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಒಂದು ಖಾನೆಷುಮಾರಿಯಿಂದ ಮುಂದಿನದಕ್ಕೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಫ್ರಾನ್ಸಿಸ್ ಸಾಹೇಬರು ೧೯೦೪ರಲ್ಲಿ ಪ್ರಕಟಿಸಿದ ಜಿಲ್ಲಾ ಗೆಜೆಟಿಯರನ್ನು ನೋಡುವವರಿಗೆ ಇಂದಿನ ಈ ಐದು ತಾಲ್ಲೂಕುಗಳ ಜಾಗದಲ್ಲಿ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂಬ ಮೂರೇ ತಾಲ್ಲೂಕುಗಳು ಕಾಣಸಿಗುತ್ತವೆ. ಮಳೆಯ ಲೆಕ್ಕವೂ ತಾಲ್ಲೂಕಿನ ಮಟ್ಟದಲ್ಲಿಯೇ. ಕಚೇರಿಯ ಅಂಗಳದ ಮಾಪಕದಲ್ಲಿ ಬಿದ್ದ ನೀರು ಇಡೀ ತಾಲ್ಲೂಕಿನ ನೀರೆನಿಸಿಕೊಂಡಿತು. ಯಾವ ಹಳ್ಳಿ ಒಣಗಿತು, ಯಾವುದು ತಪ್ಪಿಸಿಕೊಂಡಿತು ಎಂದು ಇಂದು ಆ ಅಂಕಿಯಿಂದ ತಿಳಿಯಲು ಬರುವಂತಿಲ್ಲ.

ಲೀಚಿನ ಮುಂದಾಳು ಮಾಡುವುದೂ ಇದನ್ನೇ. ಇಪ್ಪತ್ತು ಅಳತೆಗಳನ್ನು ಒಂದಾಗಿಸಿ ಒಂದು ಸಂದೇಶ ಕಳುಹಿದರೆ, ಹತ್ತೊಂಬತ್ತು ಕಡೆ ತೇವವಿದ್ದು ಒಂದು ಕಡೆ ನೆಲ ಬಿರುಕುಬಿಟ್ಟಿರುವ ಸಂಗತಿ ಸರಾಸರಿಯಲ್ಲಿ ಕರಗಿಹೋಗುವುದು. ಶತ್ರುವಿನ ಚಲನೆಯನ್ನೋ ಕಾಡಿನ ಬೆಂಕಿಯನ್ನೋ ಪತ್ತೆಹಚ್ಚುವ ಕಾರ್ಯಕ್ಕೆ ಇದರಿಂದ ಹಾನಿಯಿಲ್ಲದಿರಬಹುದು, ಅಲ್ಲಿ ಬೇಕಾಗಿರುವುದು ‘ಉಂಟು’ ‘ಇಲ್ಲ’ ಎಂಬ ಉತ್ತರ. ಮಳೆಯ ವಿಷಯದಲ್ಲಿ ಆ ಒಂದು ಬಿರುಕೇ ಮುಖ್ಯವಾದ ಸುದ್ದಿ.

ಇದಕ್ಕಿಂತಲೂ ಗಹನವಾದ ಆಕ್ಷೇಪವೊಂದಿದೆ. ಈ ಸಾಹಿತ್ಯದಲ್ಲಿ ಇದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ನಮಗೆ ತೋರುತ್ತದೆ. ಪ್ರತಿ ಸುತ್ತಿನಲ್ಲಿಯೂ ಮುಂದಾಳು ಬದಲಾದಾಗ ಗುಂಪುಗಳೂ ಬದಲಾಗುತ್ತವೆ. ಇಂದು ಒಂದು ಗುಂಪಿನಲ್ಲಿದ್ದ ಹೊಲ ನಾಳೆ ಇನ್ನೊಂದರಲ್ಲಿರುವುದು. ಮೇಲಕ್ಕೆ ಹೋದುದು ಗುಂಪಿನ ಮೊತ್ತ ಮಾತ್ರವಾದುದರಿಂದ, ಒಂದು ಸುತ್ತಿನ ಮೊತ್ತಕ್ಕೂ ಮುಂದಿನ ಸುತ್ತಿನ ಮೊತ್ತಕ್ಕೂ ಹೋಲಿಕೆಯೇ ಸಲ್ಲದು. ಒಂದು ನಿರ್ದಿಷ್ಟ ಸ್ಥಳದ ಕಾಲಾನುಕ್ರಮದ ಚರಿತ್ರೆಯನ್ನು ಆ ದಾಖಲೆಯಿಂದ ಕಟ್ಟಲಾಗದು. ಹರಪನಹಳ್ಳಿಯ ಅಂಕಿ ಅಂಶಗಳ ಜೊತೆ ಏಗಿದವರಿಗೆ ಈ ಕಷ್ಟದ ರುಚಿ ಗೊತ್ತು. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯೊಡನೆ ಮದರಾಸಿನಿಂದ ಮೈಸೂರಿಗೆ ಬಂದು, ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದ ತಾಲ್ಲೂಕು ಅದು. ಜಿಲ್ಲೆಯ ಮೊತ್ತಗಳನ್ನು ಮಾತ್ರ ಹಿಡಿದು ನೋಡುವವನಿಗೆ ೧೯೯೭ರಲ್ಲಿ ಬಳ್ಳಾರಿಯ ಕೃಷಿಭೂಮಿಯು ಒಮ್ಮೆಲೇ ಕುಗ್ಗಿದಂತೆ ಕಾಣುವುದು. ನೆಲ ಇದ್ದಲ್ಲಿಯೇ ಇದ್ದಿತು, ಗೆರೆ ಸರಿಯಿತು. ತಾಲ್ಲೂಕಿನ ಬಿಡಿ ಅಂಕಿಗಳು ಉಳಿದಿರುವುದರಿಂದಲೂ, ಯಾವ ತಾಲ್ಲೂಕು ಯಾವಾಗ ಎಲ್ಲಿಗೆ ಸೇರಿತೆಂಬುದು ರಾಜ್ಯಪತ್ರದಲ್ಲಿ ಅಚ್ಚಾಗಿರುವುದರಿಂದಲೂ ಇಲ್ಲಿ ಗಂಟನ್ನು ಬಿಡಿಸಬಹುದು. ಸುತ್ತಿಗೊಮ್ಮೆ ಗೆರೆ ಸರಿಯುವ ಜಾಲದಲ್ಲಿ ರಾಜ್ಯಪತ್ರವೆಲ್ಲಿ?

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಯ ವೇಳೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಇಲ್ಲಿ ನೆನೆಯಬಹುದು. ಲಕ್ಷಾಂತರ ಜನರ ನಿಶ್ಶಬ್ದದ ನಡುವೆ ಒಂದೇ ವಾಕ್ಯ. ಅದರಿಂದಲೇ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನರು ಅರ್ಥೈಸಿಕೊಳ್ಳುವರು. ಒಂದೇ ನುಡಿಯಲ್ಲಿ ಇಡೀ ವರ್ಷವನ್ನು ಅಡಗಿಸುವ ಆ ಸಂಕ್ಷೇಪಕ್ಕೆ ಶ್ರದ್ಧೆಯ ಲೋಕದಲ್ಲಿ ತನ್ನದೇ ಆದ ಸ್ಥಾನವುಂಟು, ಅದನ್ನು ಪ್ರಶ್ನಿಸುವುದು ನಮ್ಮ ಕೆಲಸವಲ್ಲ. ಆದರೆ ಮಾಪಕದ ನುಡಿ ಕಾರಣಿಕದ ನುಡಿಯಂತಾಗಬಾರದು. ಅದನ್ನು ಬಿಡಿಸಿ, ಮೂಲಕ್ಕೆ ಹಿಂದಿರುಗಿ, ಸರಿಯೋ ತಪ್ಪೋ ಎಂದು ನೋಡಲು ಸಾಧ್ಯವಿರಬೇಕು.

ನ್ಯಾಯವಾಗಿ ಹೇಳುವುದಾದರೆ ಈ ಕ್ಷೇತ್ರದ ವಿದ್ವಾಂಸರೆಲ್ಲ ಕ್ರೋಡೀಕರಣವನ್ನು ಲಘುವಾಗಿ ಕಂಡವರಲ್ಲ. ೨೦೦೨ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ಯಾಮ್ಯುಯೆಲ್ ಮ್ಯಾಡನ್ ಮತ್ತು ಸಂಗಡಿಗರು ರಚಿಸಿದ ‘ಟ್ಯಾಗ್’ ಎಂಬ ಪ್ರಬಂಧವು ಮೊತ್ತ, ಸರಾಸರಿ, ಕನಿಷ್ಠ, ಗರಿಷ್ಠ, ಮಧ್ಯಮ ಇವುಗಳ ಸ್ವಭಾವವನ್ನು ಬೇರೆಬೇರೆಯಾಗಿ ವಿವೇಚಿಸಿ, ಯಾ‌ವುದನ್ನು ದಾರಿಯಲ್ಲಿಯೇ ಕೂಡಿಸಬಹುದು, ಯಾವುದನ್ನು ಎಲ್ಲ ಬಿಡಿ ಅಂಕಿಗಳೂ ಬಂದ ಹೊರತು ಕಂಡುಹಿಡಿಯಲಾಗದು ಎಂದು ವರ್ಗೀಕರಿಸಿತು. ಲೀಚಿನ ಕರ್ತೃಗಳೇ ೨೦೦೨ರ ಲೇಖನದಲ್ಲಿ ಕೇಂದ್ರಠಾಣೆಯೇ ಗುಂಪುಗಳನ್ನು ಗೊತ್ತುಮಾಡುವ ಇನ್ನೊಂದು ರೂಪವನ್ನೂ ಕೊಟ್ಟರು. ಅದರಲ್ಲಿ ಯಾವ ಸುತ್ತಿನಲ್ಲಿ ಯಾರು ಯಾವ ಗುಂಪಿನಲ್ಲಿದ್ದರೆಂಬುದು ಠಾಣೆಗೆ ತಿಳಿದೇ ಇರುವುದು. ಅದನ್ನು ಅಳಿಸದೆ ಇಟ್ಟುಕೊಂಡರೆ ಮೇಲೆ ಹೇಳಿದ ಆಕ್ಷೇಪದ ಅರ್ಧಭಾಗ ನಿವಾರಣೆಯಾಗುತ್ತದೆ. ಸಂತತಿಯ ಕೃತಿಗಳು ಈ ಎರಡು ದಾರಿಗಳನ್ನೂ ಕೂಡಿಸಿ ಯೋಚಿಸುವುದಕ್ಕಿಂತ ಹೆಚ್ಚಾಗಿ, ಮೊದಲನೆಯ ಉಪಕರಣ ಯಾವ ಸುತ್ತಿನಲ್ಲಿ ಸತ್ತಿತು, ಕೊನೆಯದು ಯಾವಾಗ ಸತ್ತಿತು ಎಂಬ ಸ್ಪರ್ಧೆಯಲ್ಲಿ ತೊಡಗಿದುವು. ಸತ್ತುದು ಯಾವ ಮೂಲೆಯದು, ಆ ಮೂಲೆಯ ಸುದ್ದಿಯನ್ನು ಆ ಬಳಿಕ ಯಾರು ಹೇಳಿದರು ಎಂಬ ಪ್ರಶ್ನೆಯನ್ನು ಮೂಲಪ್ರಬಂಧವು ಎತ್ತಿ, ತನ್ನ ವಿಧಾನದಲ್ಲಿ ಸಾವುಗಳು ಒಂದೇ ಕಡೆ ಕೂಡದೆ ಚದರಿರುತ್ತವೆಂದು ತೋರಿಸಿದ್ದಿತು. ಸಂತತಿಯವರಲ್ಲಿ ಅನೇಕರು ಅಷ್ಟನ್ನೂ ಮಾಡಲಿಲ್ಲ.

ವೆಚ್ಚದ ಮಾತೆತ್ತಿ ಇದನ್ನು ತಳ್ಳಿಹಾಕುವಂತಿಲ್ಲ. ಮುಂದಾಳು ಸರಾಸರಿಯೊಡನೆ ಕನಿಷ್ಠ, ಗರಿಷ್ಠ, ಎಷ್ಟು ಮಂದಿ ಹೇಳಿದರೆಂಬ ಎಣಿಕೆ, ಈ ಮೂರನ್ನು ತಲಾ ೧೬ ಬಿಟ್‌ಗಳಂತೆ ಸೇರಿಸಿದರೆ ೪೮ ಬಿಟ್‌ಗಳಾದುವು. ನೂರು ಉಪಕರಣಗಳಲ್ಲಿ ಈ ಸುತ್ತಿನಲ್ಲಿ ತನ್ನ ಗುಂಪಿನಲ್ಲಿದ್ದವು ಯಾವುವೆಂದು ಒಂದೊಂದಕ್ಕೆ ಒಂದು ಗುರುತಿನಂತೆ ಹಾಕಿದರೆ ೧೦೦ ಬಿಟ್‌ಗಳು. ೨೦೦೦ ಬಿಟ್‌ಗಳ ಸಂದೇಶಕ್ಕೆ ೧೪೮ ಹೆಚ್ಚಾದರೆ, ಠಾಣೆಗೆ ಕಳುಹುವ ವೆಚ್ಚವು ನೂರಕ್ಕೆ ಏಳೂವರೆಗಿಂತಲೂ ಕಡಿಮೆ ಏರುವುದು. ಮುಂದಾಳಿನ ಒಟ್ಟು ವೆಚ್ಚದಲ್ಲಿ ಕೇಳುವುದರ ಹೊರೆಯೂ ಸೇರಿರುವುದರಿಂದ ಆ ಏರಿಕೆ ನೂರಕ್ಕೆ ನಾಲ್ಕನ್ನೂ ಮುಟ್ಟದು. ಇಷ್ಟನ್ನು ತೆತ್ತರೆ ತಾಂಡಾದ ಒಣನೆಲವು ಕನಿಷ್ಠದ ಅಂಕಿಯಲ್ಲಿ ಕಾಣಿಸಿಕೊಳ್ಳುವುದು. ಅದು ಯಾವ ಗುಂಪಿನದೆಂಬುದೂ ಗುರುತಿನಿಂದ ತಿಳಿಯುವುದು. ಹದಿನೈದು ಇಪ್ಪತ್ತು ಸುತ್ತುಗಳ ಗುರುತುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ, ನೆಲದ ಸ್ಥಿತಿ ಅಷ್ಟರಲ್ಲಿ ಬಹಳ ಬದಲಾಗದಿದ್ದ ಪಕ್ಷದಲ್ಲಿ, ಆ ಕನಿಷ್ಠದ ಅಂಕಿ ಯಾವ ಹೊಲದ್ದೆಂಬುದನ್ನೂ ಬಹುಮಟ್ಟಿಗೆ ಪತ್ತೆಹಚ್ಚಬಹುದು.